ಕಾರಿನಿಂದ ಕರೆಂಟು: ಲೆಕ್ಕ ಹಾಕಿ ಪ್ಲಗ್ ಚುಚ್ಚಿ

ವಾರಾಂತ್ಯ ಬಂತೆಂದರೆ ಬೆಂಗಳೂರಿನ ಕಾರುಗಳು ಪಾಂಡವಪುರದ ಕುಂತಿಬೆಟ್ಟದತ್ತ, ಕೆಆರ್‌ಎಸ್ ಹಿನ್ನೀರಿನತ್ತ ತಿರುಗುತ್ತವೆ. ಡಿಕ್ಕಿಯಲ್ಲಿ ಟೆಂಟಿನ ಜೊತೆ ಈಗ ಲ್ಯಾಪ್‌ಟಾಪು, ಸ್ಪೀಕರು, ಕೆಟಲ್ಲು, ಒಂದು ಇನ್ವರ್ಟರ್ ಡಬ್ಬಿಯೂ ಇರುತ್ತದೆ. ರಾತ್ರಿ ಮಜವಾಗಿಯೇ ಕಳೆಯುತ್ತದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದಾಗ ಟೋಯಿಂಗ್ ಗಾಡಿಯ ನಂಬರ್ ಹುಡುಕಾಟ ಶುರು.

ತಪ್ಪು ಇನ್ವರ್ಟರಿನದಲ್ಲ, ಲೆಕ್ಕದ್ದು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 12 ವೋಲ್ಟ್, 35 ಆಂಪಿಯರ್-ಅವರ್ ಆಸುಪಾಸಿನದು. ಗುಣಿಸಿದರೆ 420 ವಾಟ್-ಅವರ್, ಅಂದರೆ ಅರ್ಧ ಯೂನಿಟ್ಟೂ ಇಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು; ಕ್ಷಣಕಾಲ ಜೋರಾಗಿ ಕರೆಂಟು ಕೊಟ್ಟು ಎಂಜಿನ್ ತಿರುಗಿಸಲೆಂದೇ ಮಾಡಿದ ಬ್ಯಾಟರಿ ಅದು, ಮನೆಯ ಯುಪಿಎಸ್ ಬ್ಯಾಟರಿಯಂತೆ ನಿಧಾನವಾಗಿ ಬಸಿಯಲು ಅಲ್ಲ. ಒಂದು ಎಲ್‌ಇಡಿ ಬಲ್ಬು, ಎರಡು ಮೊಬೈಲು ಆರಾಮಾಗಿ ನಡೆಯುತ್ತವೆ. 1500 ವಾಟ್ ಕೆಟಲ್ಲಿಗಾದರೆ 125 ಆಂಪಿಯರ್ ಬೇಕು. ಡ್ಯಾಶ್‌ಬೋರ್ಡಿನ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು. ಫ್ಯೂಸು ಹೋಯಿತೆಂದು ಅದಕ್ಕಿಂತ ದೊಡ್ಡದನ್ನು ಹಾಕುವ ಜಾಣರು ವೈರಿಂಗನ್ನೇ ಸುಟ್ಟುಕೊಳ್ಳುತ್ತಾರೆ. ಎಂಜಿನ್ ಓಡುತ್ತಿರಲಿ ಬಿಡಿ ಎಂಬ ಉಪಾಯ ಇನ್ನೂ ಕೆಟ್ಟದ್ದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಪಕ್ಕದ ಟೆಂಟಿನಲ್ಲಿ ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಎಲೆಕ್ಟ್ರಿಕ್ ಕಾರುಗಳ ಕಥೆ ಬೇರೆ. 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5, ಟಾಟಾ ನೆಕ್ಸಾನ್ ಇವಿಯ ಹೊಸ ಮಾದರಿಗಳಲ್ಲಿ ಕಾರಿನಿಂದಲೇ 230 ವೋಲ್ಟ್ ಪಡೆಯುವ ಸೌಲಭ್ಯವಿದೆ. ಮೂರು ಕಿಲೋವಾಟ್‌ವರೆಗಿನ ಲೋಡು ಹೊರುತ್ತವೆ. ಅರ್ಧ ಗಂಟೆ ಇಂಡಕ್ಷನ್ ಒಲೆ, ರಾತ್ರಿಯಿಡೀ ಫ್ಯಾನು, ದೀಪ ಎಲ್ಲ ಸೇರಿದರೂ ಎರಡು ಯೂನಿಟ್. ನೆಕ್ಸಾನ್‌ನ 40 ಯೂನಿಟ್ ಬ್ಯಾಟರಿಗೆ ಅದು ಇಪ್ಪತ್ತರಲ್ಲಿ ಒಂದು ಪಾಲು. ಶ್ರೀರಂಗಪಟ್ಟಣದಿಂದ ಮೈಸೂರು ಮುಟ್ಟುವಷ್ಟು ಓಟ ಕಡಿಮೆಯಾಗುತ್ತದೆ, ಅಷ್ಟೇ. 2011ರ ಭೂಕಂಪದ ನಂತರ ಜಪಾನಿನಲ್ಲಿ ನಿಸಾನ್ ಲೀಫ್ ಕಾರಿನಿಂದ ಮನೆಗೇ ಕರೆಂಟು ಕೊಡುವ ಸಾಧನ ಮಾರುಕಟ್ಟೆಗೆ ಬಂತು. ಮಳೆಗಾಲದಲ್ಲಿ ಕಂಬ ಉರುಳಿ ಕತ್ತಲಲ್ಲಿ ಕೂರುವ ನಮ್ಮ ಹಳ್ಳಿಗಳಿಗೂ ಇದು ಬರೀ ಶೋಕಿಯ ಮಾತಲ್ಲ.

ಸದ್ದಿಲ್ಲದ ಕರೆಂಟಿಗೂ ಒಂದು ಅಪಾಯವಿದೆ: ಜನರೇಟರು ಬಾಯಿ ಮುಚ್ಚಿದರೆ ಸ್ಪೀಕರು ಬಾಯಿ ತೆರೆಯುತ್ತದೆ. ಮೇಲುಕೋಟೆಯ ಕಾಡು 1974ರಿಂದ ತೋಳಗಳ ಅಭಯಾರಣ್ಯ, ನಾಗಮಂಗಲದ ಆದಿಚುಂಚನಗಿರಿ ನವಿಲುಧಾಮ, ಶ್ರೀರಂಗಪಟ್ಟಣದ ರಂಗನತಿಟ್ಟು ಪಕ್ಷಿಧಾಮ. ಇವುಗಳ ಅಂಚಿನಲ್ಲಿ ಟೆಂಟು ಹಾಕುವುದೇ ತಕರಾರಿನ ಸಂಗತಿ, ಡಿಜೆ ದೂರದ ಮಾತು.

ನಿಜಕ್ಕೆ ಈ ಸೀಮೆಗೆ ಬಯಲ ಬಿಡಾರ ಹೊಸದಲ್ಲ. ಕೆ.ಆರ್. ಪೇಟೆಯ ಹೇಮಗಿರಿ ದನಗಳ ಜಾತ್ರೆಯಲ್ಲಿ ರೈತರು ಎತ್ತುಗಳೊಂದಿಗೆ ಹೇಮಾವತಿ ದಂಡೆಯಲ್ಲಿ ದಿನಗಟ್ಟಲೆ ಬೀಡುಬಿಡುತ್ತಾರೆ. ಎಲೆಕ್ಟ್ರಿಕ್ ಕಾರಿನ ಬಿಡಾರಕ್ಕಾಗಿ ಪ್ರವಾಸೋದ್ಯಮ ಇಲಾಖೆ ಮತ್ತು ವಿದ್ಯುತ್ ಕಂಪನಿ ಸೆಸ್ಕ್ ಮನಸ್ಸು ಮಾಡಲಿ: ಚಾರ್ಜಿಂಗ್ ಕೇಂದ್ರಗಳು ಹೆದ್ದಾರಿಗೆ ಮಾತ್ರ ಸೀಮಿತವಾಗದೆ ಹೇಮಗಿರಿ, ಕುಂತಿಬೆಟ್ಟದ ಬುಡದವರೆಗೂ ಬರಲಿ. ಅಲ್ಲಿಯವರೆಗೆ ಪೆಟ್ರೋಲ್ ಕಾರಿನವರು ಕೆಟಲ್ಲನ್ನು ಮನೆಯಲ್ಲೇ ಬಿಟ್ಟು, ಪವರ್ ಬ್ಯಾಂಕ್ ತುಂಬಿಸಿಕೊಂಡು ಹೊರಡುವುದು ಒಳ್ಳೆಯದು.