ಬೆಂಚು ಖಾಲಿ, ಭಕ್ತಿ ಅಲ್ಲ

ಕಳೆದ ಸಂಚಿಕೆಯಲ್ಲಿ ಫಾದರ್ ಒಬ್ಬರ ಚಿಂತನೆ ಓದಿದೆ. ಭಾನುವಾರದ ಪೂಜೆಗೆ ಬೆಂಚುಗಳು ಖಾಲಿ, ಓವರ್‌ಟೈಮ್ ದುಡ್ಡಿನ ಮುಂದೆ ಜನ ದೇವರನ್ನೇ ಮರೆತರು ಎಂಬುದು ಅವರ ಕೊರಗು. ಅವರು ಒಮ್ಮೆ ಬೆಳಗಿನ ಆರೂವರೆಗೆ ಮಾದನಾಯಕನಹಳ್ಳಿಯಲ್ಲಿ ತುಮಕೂರು ರಸ್ತೆಯ ಬದಿ ಬಂದು ನಿಲ್ಲಲಿ. ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿದವರು ಬಸ್ಸಿನಿಂದ ಇಳಿಯುವ ಹೊತ್ತಿಗೇ ಹಗಲಿನವರು ಹತ್ತುತ್ತಿರುತ್ತಾರೆ.

ನಮ್ಮ ಪಕ್ಕದ ಮನೆಯಾಕೆಗೆ ವಾರದ ರಜೆ ಬುಧವಾರ. ಊಟದ ಡಬ್ಬಿಯ ಚೀಲದಲ್ಲೇ ಜಪಸರ. ಕಂಬಿ ಹಿಡಿದು ನಿಂತೇ ಮಣಿ ಎಣಿಸುತ್ತಾರೆ. ದಾಸರಹಳ್ಳಿ ದಾಟುವಷ್ಟರಲ್ಲಿ ಐವತ್ತೂ ಮುಗಿದಿರುತ್ತದೆ. ಟ್ರಾಫಿಕ್ ಜಾಸ್ತಿಯಾದರೆ ಇನ್ನೊಂದು ಸುತ್ತು! ಇವರು ದೇವರನ್ನು ಮರೆತವರೇ?

ದುಡಿಮೆಗೆ ಧರ್ಮಸಭೆಯೇ ಗೌರವ ಕೊಟ್ಟಿದೆ. 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ದುಡಿಮೆಯ ಬಗ್ಗೆಯೇ 1981ರಲ್ಲಿ ವಿಶ್ವಪತ್ರ ಬರೆದ ಪೋಪ್ ಎರಡನೇ ಜಾನ್ ಪಾಲ್ ಯೌವನದಲ್ಲಿ ಕಲ್ಲುಕ್ವಾರಿಯಲ್ಲಿ, ರಾಸಾಯನಿಕ ಕಾರ್ಖಾನೆಯಲ್ಲಿ ಕೂಲಿ ಮಾಡಿದವರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ವಿಧಿಯಂತೆ ಹಿಂದಿನ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಬರುತ್ತದೆ. 1245ನೇ ವಿಧಿ ನ್ಯಾಯವಾದ ಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರವನ್ನು ವಿಚಾರಣಾ ಗುರುವಿಗೇ ಕೊಟ್ಟಿದೆ. ಇದೆಲ್ಲ ಫಾದರ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಬರೆಯುವಾಗ ಮಾತ್ರ ನೆನಪಾಗಲಿಲ್ಲ.

ಶನಿವಾರ ರಾತ್ರಿ ಎಂಟಕ್ಕೆ ಒಂದು ಪೂಜೆ ಇಟ್ಟು ನೋಡಲಿ. ಗ್ರೀಸು ಮೆತ್ತಿದ ಕೈಯವರು ಹಿಂದಿನ ಸಾಲಿನಲ್ಲಿ ತೂಕಡಿಸಿದರೆ ಎಬ್ಬಿಸದಿರಲಿ.