ಮಿನುಗದ ಕಲ್ಲಿನ ಪರವಾಗಿ

ಹಳೆಯ ಗಣಿಗಳ ಅದಿರು ಕೂಡಿಡುವ ಹವ್ಯಾಸಿಗಳಿಗೆ ಕಣ್ಣಿಗೆ ಚಿನ್ನ ಕಾಣುವ ಕಲ್ಲೇ ಬೇಕು. ಬೆಣಚುಕಲ್ಲಿನ ಬಿರುಕಿನಲ್ಲಿ ಹಳದಿ ಎಳೆಯೊಂದು ಹರಿದಿದ್ದರೆ ಅದಕ್ಕೆ ಎಲ್ಲಿಲ್ಲದ ಬೆಲೆ. ಬರೀ ಬೂದು ಕಲ್ಲನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಆದರೆ ಕೋಲಾರದ ಚಿನ್ನದ ಗಣಿಗಳನ್ನು ಸಾಕಿದ್ದು ಆ ಬೂದು ಕಲ್ಲೇ.

ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಅದಿರನ್ನು ಕೈಗೆತ್ತಿಕೊಂಡು ನೋಡಬೇಕು. ನೀಲಿ ಬೆರೆತ ಕಪ್ಪುಬೂದು ಬೆಣಚು, ಅದರಲ್ಲಿ ಪದರ ಪದರವಾಗಿ ಕರಿಗೆರೆಗಳು, ಅಂಚಿಗೆ ಅಂಟಿದ ಹಸಿರುಗಪ್ಪು ಶಿಲೆಯ ಚೂರು. ಆ ಶಿಲೆಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಟನ್ನಿಗೆ 5 ಗ್ರಾಂ ಚಿನ್ನ ಎಂದಿಟ್ಟುಕೊಂಡರೆ ಒಂದು ಕಿಲೋ ಕಲ್ಲಿನಲ್ಲಿ ಇರುವುದು 5 ಮಿಲಿಗ್ರಾಂ. ಅಷ್ಟನ್ನೂ ಒಂದೆಡೆ ಸೇರಿಸಿದರೆ ಒಂದು ರವೆಕಾಳಿನಷ್ಟಾದೀತು. ಅದೂ ಕಲ್ಲಿನ ತುಂಬ ಚದುರಿಕೊಂಡಿರುತ್ತದೆ. ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿ, ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸಿ, ಉಳಿದದ್ದನ್ನು ಸೈನೈಡಿನಲ್ಲಿ ಕರಗಿಸಿದ ಮೇಲೆಯೇ ಅದು ಕೈಗೆ ಸಿಗುತ್ತಿತ್ತು. ಸುಮಾರು 120 ವರ್ಷಗಳಲ್ಲಿ ಹೀಗೆ ಹೊರಬಂದ ಚಿನ್ನ 800 ಟನ್ನಿನಷ್ಟು. ಹಿಂದೆ ಉಳಿದದ್ದು 3 ಕೋಟಿ ಟನ್ನಿಗೂ ಮಿಕ್ಕ ಕಲ್ಲುಹಿಟ್ಟಿನ ರಾಶಿಗಳು, ಅಂದರೆ ಸೈನೈಡ್ ಗುಡ್ಡಗಳು.

ಹಾಗಾದರೆ ಮಿನುಗುವ ಕಲ್ಲುಗಳು ಹವ್ಯಾಸಿಗಳ ಬೀರುಗಳಿಗೆ ಬಂದದ್ದು ಹೇಗೆ? ಗಣಿಯ ಲೆಕ್ಕದಲ್ಲಿ ಅವೆಲ್ಲ ಮೊದಲು ಗಿರಣಿಗೆ ಹೋಗಬೇಕಾದವು. ತಪ್ಪಿಸಿಕೊಳ್ಳಲು ಇದ್ದದ್ದು ಎರಡೇ ದಾರಿ: ಸಾಹೇಬರ ಕೃಪೆ, ಇಲ್ಲವೇ ಕಳ್ಳತನ. 1880ರಲ್ಲಿ ಜಾನ್ ಟೇಲರ್ ಎಂಬ ಬ್ರಿಟಿಷ್ ಗಣಿ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಅದಿರುಗಳ್ಳತನ ತಡೆಯಲೆಂದೇ ಕಾವಲು, ತಪಾಸಣೆ, ಕಾನೂನು ಎಲ್ಲವೂ ಬೆಳೆದವು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆಯುವ ನಿಯಮ ಬಂದಾಗ ಸಾವಿರಾರು ಮಂದಿ ಮುಷ್ಕರ ಹೂಡಿದರು. ಒಂದೇ ಅಳತೆಯ ಕಲ್ಲು ಅಧಿಕಾರಿಯ ಮೇಜಿನ ಮೇಲಿದ್ದರೆ ಅಲಂಕಾರ, ಕಾರ್ಮಿಕನ ಪಂಚೆಯ ಗಂಟಿನಲ್ಲಿದ್ದರೆ ಅಪರಾಧ.

ಇದನ್ನೆಲ್ಲ ಕಲ್ಲು ತಾನಾಗಿ ಹೇಳುವುದಿಲ್ಲ. ಹೇಳುವುದು ಅದಕ್ಕಂಟಿದ ಚೀಟಿ. ಯಾವ ಗಣಿ, ಯಾವ ಶಾಫ್ಟು, ಎಷ್ಟು ಆಳ, ಯಾವ ವರ್ಷ: ಇವಿದ್ದರೆ ಬೂದು ಕಲ್ಲೂ ದಾಖಲೆ, ಇಲ್ಲವಾದರೆ ಮಿನುಗುವ ಕಲ್ಲೂ ಬರೀ ಆಟಿಕೆ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದ ಈ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಸುರಂಗಗಳಲ್ಲಿ ಈಗ ನೀರು ತುಂಬಿದೆ. ಅಲ್ಲಿಂದ ಇನ್ನೊಂದು ಕಲ್ಲು ಮೇಲೆ ಬರುವಂತಿಲ್ಲ. ಹಾಗಿದ್ದೂ ಕೆಲವರು ಹೈಡ್ರೋಫ್ಲೂರಿಕ್ ಆಮ್ಲದಲ್ಲಿ ಬೆಣಚನ್ನು ಕರಗಿಸಿ ಚಿನ್ನವನ್ನು ಎದ್ದು ಕಾಣಿಸುತ್ತಾರೆ. ಬೆಲೆ ಏರುತ್ತದೆ ನಿಜ, ಚಿನ್ನ ಯಾವ ಕಲ್ಲಿನಲ್ಲಿ ಹೇಗೆ ಕೂತಿತ್ತೆಂಬ ಸಾಕ್ಷ್ಯ ಮಾತ್ರ ಆಮ್ಲದ ಪಾಲಾಗುತ್ತದೆ. ಕಲ್ಲಿನಲ್ಲಿರುವುದು ಚಿನ್ನವೋ, ಚಿನ್ನದಂತೆ ಹೊಳೆಯುವ ಪೈರೈಟೋ ಎಂಬ ಅನುಮಾನವಿದ್ದರೆ ಆಮ್ಲ ಬೇಡ, ಸೂಜಿಮೊನೆ ಸಾಕು: ಚಿನ್ನ ತಗ್ಗುತ್ತದೆ, ಪೈರೈಟ್ ಪುಡಿಯಾಗುತ್ತದೆ.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಥ ಕಲ್ಲೊಂದು ಬಿದ್ದಿದ್ದರೆ ತೊಳೆಯಬೇಡಿ, ಹೊಳಪು ಕೊಡಬೇಡಿ. ಯಾರು ತಂದದ್ದು, ಎಲ್ಲಿಯದು ಎಂದು ಹಿರಿಯರನ್ನು ಕೇಳಿ ಇವತ್ತೇ ಬರೆದಿಡಿ.

ಬರಹ ಕಲ್ಲಿಗೆ ಎಂಥ ಬೆಲೆ ತರುತ್ತದೆ ಎಂಬುದಕ್ಕೆ ಒಂದು ನಿದರ್ಶನ. ಚಿನ್ನದ ಬೆನ್ನುಹತ್ತಿ ಈ ನಾಡಿಗೆ ಬಂದವರ ಪೈಕಿ ಗಣಿ ಎಂಜಿನಿಯರ್ ಸಿ. ಬೀಡನ್ ಒಬ್ಬ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಅಕ್ಷರ ಕೊರೆದ ಒಂದು ಬಂಡೆ. ಶಾಸನಗಳಲ್ಲಿ 'ದೇವಾನಾಂಪಿಯ' ಎಂದು ಕರೆಸಿಕೊಂಡ ರಾಜ ಅಶೋಕನೇ ಎಂದು ಖಚಿತಪಡಿಸಿದ ಬಂಡೆ ಅದು. ಅದರಲ್ಲಿ ಗುಂಜಿ ಚಿನ್ನವನ್ನೂ ಯಾರೂ ಹುಡುಕಲಿಲ್ಲ. ಬರೆದಿದ್ದ ಒಂದು ಹೆಸರೇ ಸಾಕಾಯಿತು.