ಸಾವಿರದ ಹುಣ್ಣಿಮೆಗೆ ಪಾಕದ ಕೇಕು

ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ, ಮೇಲೆ ಕೆಂಪು ಜಾಮು ಸವರಿಸಿಕೊಂಡು, ಅದರ ಮೇಲೆ ಕೊಬ್ಬರಿ ಪುಡಿ ಉದುರಿಸಿಕೊಂಡು ಕೂತಿರುವ ಹನಿ ಕೇಕನ್ನು ನೀವೆಲ್ಲ ನೋಡಿಯೇ ಇರುತ್ತೀರಿ, ಮಕ್ಕಳೇ. ಹನಿ ಎಂದರೆ ಇಲ್ಲಿ ಮಳೆಯ ಹನಿ ಅಲ್ಲ, ಇಂಗ್ಲಿಷಿನ ಜೇನು. ಹೆಸರು ಜೇನಿನದಾದರೂ ಬಹಳ ಕಡೆ ಅದರೊಳಗೆ ಇಳಿದಿರುವುದು ಸಕ್ಕರೆ ಪಾಕ. ಬಾಯಿಗೆ ಇಟ್ಟರೆ ಅಗಿಯುವ ಕೆಲಸವೇ ಇಲ್ಲ. ಅದರ ಪಕ್ಕದಲ್ಲೇ ಇರುವ ದಿಲ್‌ಪಸಂದ್ ಬೇರೆ ಜಾತಿಯದು. ಅದು ಈಸ್ಟ್ ಹಾಕಿ ಉಬ್ಬಿಸಿದ ಬ್ರೆಡ್ಡಿನ ಹಿಟ್ಟು, ಹೊಟ್ಟೆಯೊಳಗೆ ಕಾಯಿತುರಿ, ಸಕ್ಕರೆ, ಟೂಟಿ ಫ್ರೂಟಿ. ಈ ಟೂಟಿ ಫ್ರೂಟಿ ಎಂಬ ಬಣ್ಣಬಣ್ಣದ ಹರಳು ಯಾವ ಹಣ್ಣು ಎಂದು ನನ್ನ ಮೊಮ್ಮಗಳು ಒಮ್ಮೆ ಕೇಳಿದ್ದಳು. ಬಹುಪಾಲು ಅದು ಪರಂಗಿ ಕಾಯಿ. ಹಸಿ ಕಾಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಕಟ್ಟಿ ಒಣಗಿಸುತ್ತಾರೆ.

ಈ ತಿನಿಸುಗಳನ್ನು ಊರೂರಿಗೆ ತಲುಪಿಸಿದ್ದು ಅಯ್ಯಂಗಾರ್ ಬೇಕರಿಗಳು. ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ತಿರುಮಲಾಚಾರ್ ಮತ್ತು ಅವರ ಸಹೋದರ 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿಯೇ ಇವುಗಳಲ್ಲಿ ಮೊದಲನೆಯದು. ಅವರ ಮಿಠಾಯಿ ಅಂಗಡಿಗೆ ಬರುತ್ತಿದ್ದ ಆಂಗ್ಲ ಗಿರಾಕಿಯೊಬ್ಬರು ಒಲೆಯಲ್ಲಿ ಸುಡುವ ವಿದ್ಯೆ ಕಲಿಸಿಕೊಟ್ಟರು ಎಂದು ಹೇಳುತ್ತಾರೆ. ಇಂಗ್ಲಿಷರ ಕೇಕು ಹೀಗೆ ಮಡಿಯವರ ಕೈಗೆ ಬಂದು, ಮೊಟ್ಟೆ ಬಿಟ್ಟು, ನಮ್ಮ ಪಾಕ ಕುಡಿಯಿತು.

ಈ ವಾರ ನಾನು ಹೇಳಹೊರಟಿರುವ ಕೇಕು ಹನಿ ಕೇಕಿಗೂ ದಿಲ್‌ಪಸಂದಿಗೂ ನಡುವಿನದು. ದಿಲ್‌ಪಸಂದಿನಂತೆ ಈಸ್ಟಿನಿಂದ ಉಬ್ಬಿದ್ದು, ಹನಿ ಕೇಕಿನಂತೆ ಪಾಕ ಕುಡಿದದ್ದು, ಮೇಲೆ ಹಣ್ಣು. ಫ್ರಾನ್ಸಿನವರು ಇದನ್ನು ಬಾಬಾ ಎನ್ನುತ್ತಾರೆ. ನಡುವೆ ತೂತಿರುವ ಬಳೆಯ ಆಕಾರದಲ್ಲಿ ಮಾಡಿದರೆ ಸವಾರಿನ್. ಬಾಬಾ ಅಂದರೆ ಸಾಧು ಸಂತರ ಹೆಸರಲ್ಲ. ಪೋಲೆಂಡಿನ ಭಾಷೆಯಲ್ಲಿ ಬಾಬಾ ಎಂದರೆ ಮುದುಕಿ, ಅಜ್ಜಿ.

ಅದಕ್ಕೊಂದು ಕಥೆ ಇದೆ. ಪೋಲೆಂಡಿನ ದೊರೆ ಸ್ಟಾನಿಸ್ಲಾವ್ ಲೆಸ್ಚಿನ್‌ಸ್ಕಿ ಎರಡು ಸಲ ಸಿಂಹಾಸನ ಏರಿ ಎರಡು ಸಲವೂ ಕಳೆದುಕೊಂಡವನು. ಅವನ ಮಗಳು 1725ರಲ್ಲಿ ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯನ್ನು ಮದುವೆಯಾದಳು. ಕೊನೆಗೆ ಮಾವನಿಗೆ ಲೊರೇನ್ ಎಂಬ ಪ್ರಾಂತ್ಯ ಸಿಕ್ಕಿತು. ಅಲ್ಲಿನ ಕೇಕು ಒಣಗಿ ಗಂಟಲಲ್ಲಿ ಇಳಿಯದೆ ಇದ್ದಾಗ ದೊರೆ ಅದನ್ನು ಮದ್ಯದಲ್ಲಿ ನೆನೆಸಿ ತಿಂದನಂತೆ. ಅಂತೆ ಎಂದೇ ಓದಿಕೊಳ್ಳಿ. ತಿಂಡಿಗಳ ಹುಟ್ಟಿನ ಕಥೆಗಳಿಗೆ ಸಾಕ್ಷಿ ಹುಡುಕಲು ಹೋಗಬಾರದು. ಆದರೆ ಮಗಳ ಜೊತೆ ಹೋದ ಮಿಠಾಯಿಗಾರ ನಿಕೊಲಾ ಸ್ಟೊರೆ ಪ್ಯಾರಿಸ್ಸಿನಲ್ಲಿ 1730ರಲ್ಲಿ ತೆರೆದ ಅಂಗಡಿ ಈಗಲೂ ಅದೇ ಬೀದಿಯಲ್ಲಿದೆ, ಬಾಬಾ ಮಾರುತ್ತಿದೆ. ಅದಕ್ಕೆ ರಮ್ ಹಾಕುವುದು ಅವರ ರೂಢಿ. ನಮಗೆ ಅದು ಬೇಡ.

ಒಣಗಿದ ಕೇಕು ಇಳಿಯದ ಬಾಯಿ ನಮ್ಮ ಮನೆಯಲ್ಲೂ ಒಂದಿದೆ. ನನ್ನ ಅಕ್ಕನದು. ಶಿವಾರಪಟ್ಟಣಕ್ಕೆ ಮದುವೆಯಾಗಿ ಬಂದವಳು ಅವಳು. ಅವಳ ಬಾಲ ಹಿಡಿದು ಬಂದವನು ನಾನು. ಅಪ್ಪ ಹೋದ ಮೇಲೆ ನಾನು ಕೋಲಾರದಲ್ಲಿ ಬಿ.ಕಾಂ. ಮುಗಿಸಿದ್ದು ಅವಳ ಎರಡು ಎಮ್ಮೆಗಳ ಹಾಲಿನ ದುಡ್ಡಿನಲ್ಲಿ. ಭಾವನಿಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು. ಈಗ ಅಕ್ಕನಿಗೆ ಹಲ್ಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆ ಎಂದು ಕುಂಕುಮದ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದಾಳೆ. ಹಬ್ಬ ಬಂದರೆ ಕೋಡುಬಳೆ, ಚಕ್ಕುಲಿ, ಕಜ್ಜಾಯ ಎಲ್ಲವನ್ನೂ ಕೂತು ಹೇಳಿ ಮಾಡಿಸುತ್ತಾಳೆ. ಮಕ್ಕಳು ತಿನ್ನುವಾಗ ಆಗುವ ಕಟಂ ಕುಟುಂ ಸದ್ದು ಕೇಳುತ್ತಾ ತಾನು ಮೊಸರನ್ನ ಕಲಸಿಕೊಳ್ಳುತ್ತಾಳೆ. ಈಚೆಗೆ ಅದೂ ಎರಡು ತುತ್ತಿಗೆ ನಿಂತಿತ್ತು.

ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡುತ್ತಾರಲ್ಲ, ಅದು ನಮ್ಮ ಕಡೆ ದಂಪತಿಗೆ ಮಾಡುವ ರೂಢಿ. ಭಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಹಾಗಾಗಿ ಅಕ್ಕನ ಹುಣ್ಣಿಮೆಗಳನ್ನು ಯಾರೂ ಎಣಿಸಿರಲಿಲ್ಲ. ಎಣಿಸಿದ್ದು ನನ್ನ ಮೊಮ್ಮಗಳು, ಏಳನೇ ಕ್ಲಾಸು. ಲೆಕ್ಕ ಹೀಗೆ ಮಾಡಿದೆವು, ನೀವೂ ನಿಮ್ಮ ಅಜ್ಜಿಗೆ ಮಾಡಿ ನೋಡಿ. ವರ್ಷಕ್ಕೆ ಹನ್ನೆರಡರಂತೆ 80 ವರ್ಷಕ್ಕೆ 960 ಹುಣ್ಣಿಮೆ. ಜೊತೆಗೆ 19 ವರ್ಷಕ್ಕೆ 7 ಅಧಿಕ ಮಾಸ ಬರುತ್ತವೆ. 80 ವರ್ಷಕ್ಕೆ 29 ಆಯಿತು. ಒಟ್ಟು 989. ಇನ್ನು ಬೇಕಾದದ್ದು 11. ಅಕ್ಕ ಹುಟ್ಟಿದ್ದು ಶ್ರಾವಣದ ನಾಗರ ಪಂಚಮಿ. ಎಂಬತ್ತು ತುಂಬಿದ ಮೇಲೆ ಶ್ರಾವಣದ ಹುಣ್ಣಿಮೆಯಿಂದ ಬೆರಳು ಮಡಿಸುತ್ತಾ ಹೋದರೆ ಹನ್ನೊಂದನೆಯದು ಜ್ಯೇಷ್ಠದ ಹುಣ್ಣಿಮೆ, ಕಾರಹುಣ್ಣಿಮೆ. ಇನ್ನೊಂದು ದಾರಿಯಲ್ಲಿ ತಾಳೆ ನೋಡಿದೆವು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನ. ಸಾವಿರಕ್ಕೆ 29,530 ದಿನ. ವರ್ಷಕ್ಕೆ 365.25 ದಿನದಂತೆ ಭಾಗಿಸಿದರೆ 80 ವರ್ಷ, ಹತ್ತು ತಿಂಗಳ ಮೇಲೆ ಸ್ವಲ್ಪ. ಎರಡೂ ಲೆಡ್ಜರು ಟ್ಯಾಲಿ ಆಯಿತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ಶಾಂತಿ ಇಲ್ಲದಿದ್ದರೆ ಬೇಡ, ಕೇಕು ಮಾಡೋಣ ತಾತ, ಎಂದಳು ಮೊಮ್ಮಗಳು. ಅಕ್ಕ ಮೊಟ್ಟೆ ಮುಟ್ಟುವವಳಲ್ಲ. ಅಂಗಡಿಯ ಕ್ರೀಮಿನ ಕೇಕು ಅವಳಿಗೆ ಅಂಗಳಕ್ಕೆ ಅಂಟುತ್ತದೆ. ನೆನೆದದ್ದು ಬೇಕು, ಆದರೆ ಪುಡಿಪುಡಿಯಾಗಿ ಗಂಟಲಿಗೆ ಸಿಕ್ಕಬಾರದು. ಈಸ್ಟಿನ ಕೇಕಿನ ಗುಣವೇ ಅದು. ಮೈದಾಹಿಟ್ಟನ್ನು ಚೆನ್ನಾಗಿ ನಾದಿದಾಗ ಒಳಗೆ ಜಿಗುಟಿನ ಬಲೆಯೊಂದು ಕಟ್ಟಿಕೊಳ್ಳುತ್ತದೆ. ಈಸ್ಟ್ ಬಿಡುವ ಗಾಳಿ ಆ ಬಲೆಯಲ್ಲಿ ಸಿಕ್ಕಿ ಸಾವಿರ ಗೂಡುಗಳಾಗುತ್ತವೆ. ಬೆಂದ ಮೇಲೆ ಆ ಗೂಡುಗಳು ಪಾಕ ತುಂಬಿಕೊಂಡರೂ ಕುಸಿಯುವುದಿಲ್ಲ. ಸಾಮಾನ್ಯ ಸ್ಪಂಜು ಕೇಕನ್ನು ಅಷ್ಟು ಪಾಕದಲ್ಲಿ ಅದ್ದಿದರೆ ಗಂಜಿಯಾಗುತ್ತದೆ.

ಈಸ್ಟ್ ಎಂದರೆ ಪುಡಿಯಲ್ಲ, ಜೀವ. ಬರಿಗಣ್ಣಿಗೆ ಕಾಣದ ಒಂದು ಶಿಲೀಂಧ್ರ. ನಮ್ಮ ದೋಸೆ ಹಿಟ್ಟನ್ನು ಉಬ್ಬಿಸುವವರು ಅಕ್ಕಿ ಬೇಳೆಗಳ ಜೊತೆ ಬಂದ ಬ್ಯಾಕ್ಟೀರಿಯಾ, ಒಂದಷ್ಟು ಈಸ್ಟ್. ಕರೆಯದೆ ಬಂದ ನೆಂಟರು. ಪೊಟ್ಟಣದ ಈಸ್ಟ್ ಒಂದೇ ಜಾತಿಯದು, ಬೇಗ ಕೆಲಸ ಮಾಡುತ್ತದೆ. ಉಗುರುಬೆಚ್ಚಗಿನ ಹಾಲು, ಚೂರು ಸಕ್ಕರೆ ಕೊಟ್ಟರೆ ಏಳುತ್ತದೆ. ಹಾಲು 55 ಡಿಗ್ರಿ ದಾಟಿದ್ದರೆ ಸಾಯುತ್ತದೆ. ಥರ್ಮಾಮೀಟರು ಬೇಡ, ಕಿರುಬೆರಳು ಅದ್ದಿ ಹತ್ತು ಎಣಿಸುವವರೆಗೆ ಸುಮ್ಮನಿರಲು ಆಗಬೇಕು, ಅಷ್ಟೆ.

ಅಳತೆ ಬರೆದುಕೊಳ್ಳಿ. ಮೈದಾ 250 ಗ್ರಾಂ, ಇನ್‌ಸ್ಟಂಟ್ ಈಸ್ಟ್ 5 ಗ್ರಾಂ (ಒಂದೂವರೆ ಟೀ ಚಮಚ), ಸಕ್ಕರೆ 25 ಗ್ರಾಂ, ಉಪ್ಪು ಅರ್ಧ ಟೀ ಚಮಚ, ಹಾಲು 150 ಮಿಲಿ, ಹುಳಿಯಿಲ್ಲದ ಗಟ್ಟಿ ಮೊಸರು 60 ಗ್ರಾಂ, ಮೆತ್ತಗಿನ ಬೆಣ್ಣೆ 75 ಗ್ರಾಂ, ಒಂದು ಹಿಡಿ ಒಣದ್ರಾಕ್ಷಿ. ಮೊಟ್ಟೆಯ ಜಾಗದಲ್ಲಿ ನಿಲ್ಲುವುದು ಮೊಸರು. ಬೆಣ್ಣೆ, ದ್ರಾಕ್ಷಿ ಬಿಟ್ಟು ಉಳಿದದ್ದನ್ನೆಲ್ಲ ಕಲಸಿ ಹತ್ತು ಹನ್ನೆರಡು ನಿಮಿಷ ನಾದಬೇಕು. ಹಿಟ್ಟು ಚಪಾತಿ ಹಿಟ್ಟಿನಂತೆ ಇರುವುದಿಲ್ಲ, ಹೋಳಿಗೆಯ ಕಣಕಕ್ಕಿಂತಲೂ ಸಡಿಲ, ಕೈಗೆಲ್ಲ ಮೆತ್ತುತ್ತದೆ. ಹಾಗೆಂದು ಹಿಟ್ಟು ಉದುರಿಸಿ ಗಟ್ಟಿ ಮಾಡಬೇಡಿ. ಎತ್ತಿ ಎತ್ತಿ ಪಾತ್ರೆಗೆ ಬಡಿಯಿರಿ, ತಾನಾಗಿ ಎಳೆಎಳೆಯಾಗಿ ಬರುತ್ತದೆ. ಆಮೇಲೆ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಕೊನೆಗೆ ದ್ರಾಕ್ಷಿ. ಒದ್ದೆ ಬಟ್ಟೆ ಮುಚ್ಚಿಟ್ಟರೆ ನಮ್ಮ ಊರಿನ ಬೇಸಿಗೆಯಲ್ಲಿ ಒಂದು ಗಂಟೆಗೆ ಎರಡರಷ್ಟಾಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಎರಡು ಗಂಟೆಯೂ ಬೇಕಾಗಬಹುದು. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ.

ಬಳೆಯ ಆಕಾರದ ಅಚ್ಚು ಇಲ್ಲಿ ಎಲ್ಲಿ ಸಿಗಬೇಕು? ನಮ್ಮ ಊರಿನಲ್ಲಿ ಕಲ್ಲಿನಲ್ಲಿ, ಲೋಹದಲ್ಲಿ ದೇವರನ್ನೇ ಮಾಡುವವರಿದ್ದಾರೆ, ಹೊತ್ತು ಹುಟ್ಟಿದರೆ ಬೀದಿಯಲ್ಲಿ ಉಳಿಯ ಸದ್ದು. ಪಕ್ಕದ ಮನೆಯ ಶಿಲ್ಪಿ ನನ್ನ ಪೇಚಾಟ ನೋಡಿ ನಕ್ಕು, "ಇದಕ್ಕೆ ಎರಕ ಯಾಕೆ ಸಾರ್, ಒಳಗೆ ಒಂದು ಲೋಟ ನಿಲ್ಲಿಸಿ" ಎಂದರು. ಅಚ್ಚಿನ ವಿಷಯ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಎಂಟು ಅಂಗುಲ ಅಗಲದ ಉರುಟು ಪಾತ್ರೆಯ ನಡುವೆ ಸ್ಟೀಲ್ ಲೋಟ ಇಟ್ಟು, ಅದು ಅಲುಗಾಡದಂತೆ ಒಳಗೆ ಒಣ ಮರಳು ತುಂಬಿ, ಪಾತ್ರೆಯ ಒಳಗೂ ಲೋಟದ ಹೊರಗೂ ಬೆಣ್ಣೆ ಸವರಿದೆವು. ಹಿಟ್ಟು ಅರ್ಧದಷ್ಟು ಮಾತ್ರ ತುಂಬಬೇಕು. ಮತ್ತೆ ಮುಕ್ಕಾಲು ಗಂಟೆ ಬಿಟ್ಟರೆ ಅಂಚಿನ ಹತ್ತಿರಕ್ಕೆ ಏರುತ್ತದೆ.

ಓವನ್ ಇದ್ದವರು 180 ಡಿಗ್ರಿಯಲ್ಲಿ ಅರ್ಧ ಗಂಟೆ ಸುಡಿ. ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆಗೆ ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡು ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಕೇಕಿನ ಪಾತ್ರೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಬಿಡಿ. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು. ಈ ಭಾಗ ದೊಡ್ಡವರದು, ಮಕ್ಕಳು ದೂರ ನಿಂತು ವಾಸನೆ ಹಿಡಿಯಬಹುದು.

ಬೆಂದ ಕೇಕನ್ನು ಅಂದೇ ತಿನ್ನುವ ಆತುರ ಬೇಡ. ಪೂರ್ತಿ ಆರಿಸಿ, ತೆಳು ಬಟ್ಟೆ ಹೊದಿಸಿ ಒಂದು ರಾತ್ರಿ ಇಡಿ. ಒಣಗಿದಷ್ಟೂ ಅದಕ್ಕೆ ಬಾಯಾರಿಕೆ. ಮರುದಿನ 300 ಗ್ರಾಂ ಸಕ್ಕರೆಗೆ 600 ಮಿಲಿ ನೀರು ಹಾಕಿ ಐದು ನಿಮಿಷ ಕುದಿಸಿ. ಎಳೆ ಪಾಕ ಬರಿಸಬಾರದು. ಎಳೆ ಬಂದ ಪಾಕ ಮೇಲೆಯೇ ಅಂಟಿ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ. ನಾಲ್ಕು ಏಲಕ್ಕಿ, ಒಂದು ನಿಂಬೆಹಣ್ಣಿನ ಹಸಿರು ಸಿಪ್ಪೆ, ಜಜ್ಜಿದ ಶುಂಠಿಯ ಚೂರು ಹಾಕಿದೆವು. ರಮ್ಮಿನ ಖಾರಕ್ಕೆ ಬದಲು ಶುಂಠಿಯ ಖಾರ. ಪಾಕ ಕೈ ತಡೆಯುವಷ್ಟು ಆರಿದ ಮೇಲೆ ಅಗಲವಾದ ತಟ್ಟೆಯಲ್ಲಿ ಕೇಕಿಟ್ಟು ಸೌಟಿನಿಂದ ಹೊಯ್ಯುತ್ತಾ, ಕೆಳಗಿಳಿದದ್ದನ್ನು ಮತ್ತೆ ಎತ್ತಿ ಹೊಯ್ಯುತ್ತಾ, ಅರ್ಧ ಗಂಟೆ ಕೂರಬೇಕು. ಮೊಮ್ಮಗಳು ಅಡುಗೆ ತಕ್ಕಡಿ ತಂದಳು. ಕುಡಿಯುವ ಮೊದಲು ಕೇಕಿನ ತೂಕ 510 ಗ್ರಾಂ, ಕುಡಿದ ಮೇಲೆ 960. ಇಷ್ಟು ಬಡ್ಡಿ ಯಾವ ಠೇವಣಿಗೂ ನಾನು ಬರೆದುಕೊಟ್ಟಿಲ್ಲ.

ಫ್ರಾನ್ಸಿನವರು ಮೇಲೆ ಏಪ್ರಿಕಾಟ್ ಜಾಮು ಸವರುತ್ತಾರೆ. ನಾವು ಹನಿ ಕೇಕಿನ ಲೆಕ್ಕದಲ್ಲಿ ಮಿಕ್ಸೆಡ್ ಫ್ರೂಟ್ ಜಾಮನ್ನು ಎರಡು ಚಮಚ ನೀರಿನಲ್ಲಿ ಕಾಯಿಸಿ ಸವರಿದೆವು. ಕಾರಹುಣ್ಣಿಮೆಯ ಹೊತ್ತಿಗೆ ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ರಾಶಿ. ಬಾದಾಮಿ ಹಣ್ಣಿನ ಹೋಳುಗಳನ್ನು ಬಳೆಯ ನಡುವೆ ತುಂಬಿ, ಸುತ್ತ ದಾಳಿಂಬೆ. ರಸಪುರಿಯಲ್ಲಿ ರಸ ಜಾಸ್ತಿ, ಹೋಳು ನಿಲ್ಲುವುದಿಲ್ಲ. ಅದನ್ನು ಹಿಂಡಿ ಪಕ್ಕಕ್ಕೆ ಇಡಿ. ತೋತಾಪುರಿ ಈ ಕೆಲಸಕ್ಕೆ ಬೇಡ. ಅಕ್ಕನ ಪಾಲಿಗೆ ದಾಳಿಂಬೆ ಹಾಕಲಿಲ್ಲ, ಬೀಜ ಒಸಡಿಗೆ ಚುಚ್ಚುತ್ತದೆ.

ಸಂಜೆ ತಾರಸಿಯ ಮೇಲೆ ಕುರ್ಚಿ ಹಾಕಿ ಕೂರಿಸಿದೆವು. ಮೋಡವಿತ್ತು. ಮೊಮ್ಮಗಳು ತನ್ನ ಲೆಕ್ಕದ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳಿದಳು. ಅಕ್ಕ ಕೇಳಿಸಿಕೊಂಡು, "ಅಷ್ಟೂ ಹುಣ್ಣಿಮೇಲಿ ನಾನು ತಲೆ ಎತ್ತಿ ನೋಡಿದ್ದು ಎಷ್ಟು ಅಂತ ಎಣಿಸ್ಯಾ?" ಎಂದಳು. ಯಾರೂ ಮಾತಾಡಲಿಲ್ಲ. ಚಮಚದಲ್ಲಿ ಮೊದಲ ತುಂಡು ಬಾಯಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನೋ ಇದು, ಬನ್ನೋ ಜಾಮೂನೋ?" ಎಂದು ನನ್ನನ್ನು ಕೇಳಿದಳು. ಅಜ್ಜಿ ಎಂದು ಇದರ ಹೆಸರು ಅಂದೆ. "ಹಂಗಾದ್ರೆ ಇನ್ನೊಂದು ಚೂರು ಹಾಕು" ಎಂದಳು. ಮೂರು ಸಲ ಹಾಕಿಸಿಕೊಂಡಳು. ತಿಂಗಳಿಂದ ಅವಳು ಕೇಳಿ ಹಾಕಿಸಿಕೊಂಡದ್ದನ್ನು ನಾನು ನೋಡಿರಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಇಲ್ಲ, ನನಗಿದೆ. ಉಗುರಿನಷ್ಟು ತಿಂದು ಎದ್ದೆ.

ಒಂಬತ್ತರ ಹೊತ್ತಿಗೆ ಮೋಡ ಸರಿಯಿತು. ಅಷ್ಟರಲ್ಲಿ ಅಕ್ಕ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಮೊಮ್ಮಗಳು ಅಲುಗಾಡಿಸಿ ಎಬ್ಬಿಸಿ ತೋರಿಸಿದಳು.

ಕೇಕು ಉಳಿದರೆ ಹಣ್ಣು ತೆಗೆದು ಫ್ರಿಜ್ಜಿನಲ್ಲಿಡಿ, ಎರಡು ದಿನ ಚೆನ್ನಾಗಿರುತ್ತದೆ. ತಟ್ಟೆಯಲ್ಲಿ ಉಳಿದ ಪಾಕ ಚೆಲ್ಲಬೇಡಿ. ನಮ್ಮಲ್ಲಿ ಎರಡು ಲೋಟದ ಹತ್ತಿರ ಉಳಿದಿತ್ತು. ಸೋಸಿ, ಮೂರರಷ್ಟು ತಣ್ಣೀರು ಬೆರೆಸಿ, ನಿಂಬೆ ಹಿಂಡಿ, ಮರುದಿನ ಮಧ್ಯಾಹ್ನ ಉಳಿ ಕೆಳಗಿಟ್ಟು ನೆರಳಿಗೆ ಬಂದ ಪಕ್ಕದ ಮನೆಯ ಶಿಲ್ಪಿಗೂ ಅವರ ಹುಡುಗರಿಗೂ ಪಾನಕ ಕೊಟ್ಟೆವು.